ಕೆಮ್ಮು-ಮೀಮಾಂಸೆ: ಎಂ.ಎಸ್. ಪ್ರಾಯೋಗಿಕ ಪರೀಕ್ಷೆಯಲ್ಲಿ ನಿಜವಾದ ಪರೀಕ್ಷಕ ಯಾರು?

ಮುಂಬಯಿಯ ಎಂ.ಎಸ್. ಜನರಲ್ ಸರ್ಜರಿ ಪ್ರಾಯೋಗಿಕ ಪರೀಕ್ಷೆಯ ವಿಷಯದಲ್ಲಿ ಎರಡು ಮತಗಳಿವೆ. ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಯಾರನ್ನು ನೇಮಿಸುತ್ತದೋ ಅವರೇ ಪರೀಕ್ಷಕರು ಎಂಬುದು ಪೂರ್ವಪಕ್ಷ. ಮಂಚದ ಮೇಲೆ ಮಲಗಿರುವಾತನೇ ಪರೀಕ್ಷಕ, ಕೋಟು ತೊಟ್ಟವರು ಬರೀ ಸಾಕ್ಷಿಗಳು ಎಂಬುದು ಸಿದ್ಧಾಂತ. ಈ ಲೇಖಕ ಎರಡನೆಯ ಪಂಗಡದವನು.

ಸಿದ್ಧತೆಯ ಪರಂಪರೆ ಹಳೆಯದು. ಸುಶ್ರುತನು ಸೂತ್ರಸ್ಥಾನದ 9ನೇ ಅಧ್ಯಾಯದಲ್ಲಿ ಶಿಷ್ಯರಿಗೆ ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೂ, ಹೊಲಿಯುವುದನ್ನು ಬಟ್ಟೆ, ತೊಗಲುಗಳ ಮೇಲೂ ಕಲಿಯಲು ವಿಧಿಸಿದ. ಪರೇಲ್‌ನ ಹಾಸ್ಟೆಲುಗಳಲ್ಲಿ ಕುಂಬಳದ ಅಭಾವವಿರುವುದರಿಂದ ಗಂಟು ಹಾಕುವ ಅಭ್ಯಾಸ ಮಂಚದ ಕಾಲಿಗೂ, ಲೋಕಲ್ ಟ್ರೇನಿನಲ್ಲಿ ಪಕ್ಕದವನ ಬ್ಯಾಗಿನ ಪಟ್ಟಿಗೂ ವರ್ಗವಾಗಿದೆ. (ದಾದರ್‌ನಲ್ಲಿ ಇಳಿಯಬೇಕಿದ್ದ ಬ್ಯಾಗಿನ ಒಡೆಯ ಠಾಣೆವರೆಗೆ ಹೋದನೆಂಬ ಐತಿಹ್ಯಕ್ಕೆ ಶಾಸನಾಧಾರವಿಲ್ಲ.)

ವೈವಾ ಮೇಜಿನ ಉಪಕರಣ, ಎಕ್ಸ್‌ರೇ, ಫಾರ್ಮಲಿನ್ ಜಾಡಿಯ ಅಂಗಗಳ ವಿಚಾರ ಇಲ್ಲಿ ಬೇಡ. ಅವು ಮಾತಾಡುವುದಿಲ್ಲ, ಹಾಗಾಗಿ ಅಪಾಯವಿಲ್ಲ.

ಗ್ರಾಂಟ್ ಮೆಡಿಕಲ್ ಕಾಲೇಜು ಶುರುವಾದ 1845ರಿಂದ ಈಚೆಗೆ ಈ ಊರಿನಲ್ಲಿ ಪಠ್ಯಗಳು ಬದಲಾದವು, ಹರ್ನಿಯಾ ಬದಲಾಗಲಿಲ್ಲ. ಉಬ್ಬನ್ನು ಒಳಗೆ ಸೇರಿಸಿ, ಇಂಗ್ವೈನಲ್ ಲಿಗಮೆಂಟಿನ ನಡುಬಿಂದುವಿನಿಂದ ಅರ್ಧ ಇಂಚು ಮೇಲೆ ಹೆಬ್ಬೆರಳೊತ್ತಿ ಕೆಮ್ಮಿಸಬೇಕು. ಉಬ್ಬು ಮತ್ತೆ ಬಂದರೆ ಡೈರೆಕ್ಟ್, ಬಾರದಿದ್ದರೆ ಇನ್‌ಡೈರೆಕ್ಟ್. ಕಲಬುರಗಿ ಕಡೆಯ ಅಭ್ಯರ್ಥಿ ಇದಕ್ಕಾಗಿ ರಾತ್ರಿಯಿಡೀ ಮರಾಠಿಯ ‘ಖೋಕಾ, ಖೋಕಾ’ ಉರುಹೊಡೆದಿರುತ್ತಾನೆ. ರೋಗಿಯೋ, ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಎತ್ತಿ ಎತ್ತಿ ಹರ್ನಿಯಾ ಸಂಪಾದಿಸಿದ ಉಡುಪಿ ಕಡೆಯವರು. ಹಲವು ಬ್ಯಾಚುಗಳನ್ನು ಕಂಡವರು. ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಕೆಮ್ಮುತ್ತಾರೆ. ಗಾಬರಿಯಲ್ಲಿ ಅವನ ಬಾಯಿಂದ ‘ಯಪ್ಪಾ’ ಹೊರಟದ್ದೇ ತಡ, ಮೆಲ್ಲನೆ ಕನ್ನಡ ಬರುತ್ತದೆ:

“ಡಾಕ್ಟ್ರೇ, ಹೆಬ್ಬೆರಳು ಚೂರು ಮೇಲೆ ಇಡಿ ಮಾರಾಯ್ರೆ. ಹೋದ ವರ್ಷದವರೂ ಇಲ್ಲಿಯೇ ಹಾಳಾದದ್ದು.”

ಇಲ್ಲಿ ಆಕ್ಷೇಪ: ರೋಗಿ ಹೇಳಿಕೊಟ್ಟದ್ದು ವಿದ್ಯೆಯಾದೀತೇ? ಸಮಾಧಾನ: ರೋಗಿಯ ಮಾತನ್ನು ಗಮನವಿಟ್ಟು ಕೇಳು ಎಂದೇ ಶಾಸ್ತ್ರ ಹೇಳುವುದು. ಕೇಳಿದವನು ಶಾಸ್ತ್ರಬದ್ಧ, ಪಾಸು. ಕೇಳದವನು ಆರು ತಿಂಗಳು ಬಿಟ್ಟು ಮತ್ತೆ ಅದೇ ಹರ್ನಿಯಾವನ್ನು ಕಾಣುವ ಸಂಭವವುಂಟು.

ಗಂಟೆ ಬಾರಿಸಿದ ಮೇಲೆ ಈ ಪರೀಕ್ಷಕರು ಕೇಳುವ ಇನ್ನೊಂದು ಪ್ರಶ್ನೆಯಿದೆ: “ಅಲ್ಲ ಡಾಕ್ಟ್ರೇ, ನನ್ನ ಆಪರೇಷನ್ ಯಾವಾಗ ಮಾಡುದು?”

ಇದರಲ್ಲಿ ಈವರೆಗೆ ಯಾವ ಬ್ಯಾಚಿನವರೂ ಪಾಸಾಗಿಲ್ಲ.