ಫೋರ್ಕ್ ಶಾಸ್ತ್ರಿಗಳು

ಬೆಂಗಳೂರಿನ ಯಾವ ಸೈಕಲ್ ಗುಂಪಿಗೆ ಹೋದರೂ ಒಬ್ಬರು ಫೋರ್ಕ್ ಶಾಸ್ತ್ರಿಗಳು ಇದ್ದೇ ಇರುತ್ತಾರೆ. ವಾರವಿಡೀ ಸಾಫ್ಟ್‌ವೇರು, ಭಾನುವಾರ ಮಾತ್ರ ಶಾಸ್ತ್ರ. ತುರಹಳ್ಳಿ ಕಾಡಿನ ಅಂಚಿನಲ್ಲಿ ಬೆಳಗಿನ ಆರಕ್ಕೆ ಉಳಿದವರು ಟಯರಿಗೆ ಗಾಳಿ ಹೊಡೆದುಕೊಳ್ಳುತ್ತಿದ್ದರೆ, ಇವರು ಯಾರದೋ ಮೌಂಟನ್ ಬೈಕಿನ ಹ್ಯಾಂಡಲ್ ಹಿಡಿದು, ಮುಂದಿನ ಬ್ರೇಕ್ ಒತ್ತಿ, ಎರಡು ಸಲ ಕೆಳಕ್ಕೆ ಅದುಮುತ್ತಾರೆ. ಕಣ್ಣು ಮುಚ್ಚಿರುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ, ಒತ್ತಿದರೆ ಕುಗ್ಗಿ ಏಳುವ ಫೋರ್ಕು ಕುಯ್ ಎನ್ನುತ್ತದೆ.

“ಎಣ್ಣೆ ಯಾವಾಗ ಬದಲಾಯಿಸಿದ್ದು?”

“ಹೋದ ವರ್ಷ ಸಾರ್. ಅಂಗಡಿಯವರೇ ಹಾಕಿದ್ರು.”

“ಯಾವ ಎಣ್ಣೆ?”

“ಫೋರ್ಕ್ ಆಯಿಲ್ಲೇ ಸಾರ್.”

“ಅದೇ, ಯಾವ ಫೋರ್ಕ್ ಆಯಿಲ್?”

“ಕೆಂಪಗಿತ್ತು.”

ಅಲ್ಲಿಗೆ ಆ ದಿನದ ಸವಾರಿ ಅರ್ಧ ಗಂಟೆ ಮುಂದಕ್ಕೆ ಹೋಯಿತೆಂದೇ ಲೆಕ್ಕ. ಬಣ್ಣ ಬರೀ ಗುರುತಿಗೆ ಬೆರೆಸಿದ್ದು, ಅದನ್ನು ನೋಡಿ ಎಣ್ಣೆಯ ಗುಣ ಹೇಳಲಾಗದು ಎಂಬಲ್ಲಿಂದ ಪ್ರವಚನ ಶುರು. ಫೋರ್ಕಿನಲ್ಲಿ ಎಣ್ಣೆಗೆ ಎರಡು ಮನೆ. ಡ್ಯಾಂಪರ್ ಒಳಗಿನದು ಸಣ್ಣ ತೂತುಗಳಲ್ಲಿ ನುಸುಳುತ್ತ, ಒತ್ತಿದ ಫೋರ್ಕು ಚಂಗನೆ ನೆಗೆದು ಸವಾರನನ್ನು ಲಂಟಾನದ ಪೊದೆಗೆ ಎಸೆಯದಂತೆ ತಡೆಯುತ್ತದೆ. ಕೆಳಗಿನ ಕಾಲುಗಳಲ್ಲಿರುವುದಕ್ಕೆ ಬುಷ್ಷು, ಸೀಲು, ಸ್ಪಂಜಿನ ಉಂಗುರಗಳನ್ನು ನೆನೆಸಿಡುವ ಕೆಲಸ. ಮೊದಲನೆಯದು ಸಾಮಾನ್ಯವಾಗಿ ತೆಳು, ಎರಡನೆಯದು ಅಂಟಿಕೊಂಡು ನಿಲ್ಲುವಂಥದ್ದು. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿದವರ ಕತೆಗಳು ಶಾಸ್ತ್ರಿಗಳ ಬಳಿ ಬೇಕಾದಷ್ಟಿವೆ. ಎಲ್ಲವೂ ದುಃಖಾಂತ. ಬ್ರೇಕಿಗೆ ಹಾಕುವ ಡಾಟ್ ದ್ರವವನ್ನೇ ಸುರಿದು ಸೀಲುಗಳನ್ನು ಉಬ್ಬಿಸಿಕೊಂಡವನ ಪ್ರಸಂಗ ಹೇಳುವಾಗ ಅವರ ಗಂಟಲು ನಿಜಕ್ಕೂ ಕಟ್ಟುತ್ತದೆ.

ಅವರ ಹಗೆ ಮಾತ್ರ ಬಾಟಲಿಯ ಮೇಲಿನ ‘5 ಡಬ್ಲ್ಯುಟಿ’ ಎಂಬ ಅಂಕಿಯ ಮೇಲೆ. “5 ಅಂದ್ರೆ ಏನ್ರೀ? ಒಂದು ಕಂಪನಿಯ 40ರ ಶರ್ಟು ಹೊಟ್ಟೆ ಹಿಡಿಯುತ್ತೆ, ಇನ್ನೊಂದರದು ದೊಗಳೆ. ಇದೂ ಅಷ್ಟೇ!”

ಇಲ್ಲಿ ಮಾತ್ರ ಅವರನ್ನು ನೋಡಿ ನಗುವಂತಿಲ್ಲ. ಫೋರ್ಕ್ ಎಣ್ಣೆಯ ಆ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬರ 5 ಇನ್ನೊಬ್ಬರ ಏಳೂವರೆಯಷ್ಟು ಮಂದವಿದ್ದರೂ ಇರಬಹುದು. ಕಾರಿನ ಎಂಜಿನ್ನಿಗೆ ಹಾಕುವ 5ಡಬ್ಲ್ಯು-30 ಅಂತೂ ಬೇರೆಯದೇ ಲೆಕ್ಕ. ಅದರ ಡಬ್ಲ್ಯು ಚಳಿಗಾಲದ್ದು, ಎಣ್ಣೆ ಫೋರ್ಕಿನ 5ಕ್ಕಿಂತ ಎಷ್ಟೋ ಗಟ್ಟಿ. ನಂಬುವುದಾದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆಯನ್ನು ನಂಬಬೇಕು. ಅದನ್ನು ಹೇಳುವುದು ಸೆಂಟಿಸ್ಟೋಕ್ಸ್‌ನಲ್ಲಿ, 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿಯ ಹೆಸರಿನ ಮಾನದಲ್ಲಿ. ಶಾಸ್ತ್ರಿಗಳು ಅವರನ್ನು ‘ಸ್ಟೋಕ್ಸ್ ಸಾಹೇಬರು’ ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದಿಲ್ಲ.

ಸ್ಟೋಕ್ಸ್ ಸಾಹೇಬರನ್ನು ನಂಬಿಕೊಂಡು ಒಮ್ಮೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೂ ಹೋದರು. “ಫೋರ್ಕ್ ಆಯಿಲ್ ಇದೆಯಾ?” ಎಂದರೆ ಅಂಗಡಿಯವನು, “ಬುಲೆಟ್‌ಗಾ, ಪಲ್ಸರ್‌ಗಾ?” ಎಂದ.

“ಸೈಕಲ್ಲಿಗೆ.”

ಅಂಗಡಿಯವನು ಇವರನ್ನು ಮೇಲಿನಿಂದ ಕೆಳಗೆ ನೋಡಿದ. “ಸೈಕಲ್ಲಿಗೆ ಯಾವುದಾದ್ರೂ ನಡೆಯುತ್ತೆ, ತಗೊಂಡ್ಹೋಗಿ.”

“40 ಡಿಗ್ರೀಲಿ ಇದು ಎಷ್ಟು ಸೆಂಟಿಸ್ಟೋಕ್ಸು?”

“ಬೆಂಗಳೂರಲ್ಲಿ ಎಲ್ಲಿ ಸಾರ್ 40 ಡಿಗ್ರಿ?”

ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2016ರ ಏಪ್ರಿಲಿನಲ್ಲಿ ಊರೆಲ್ಲ ಬೆಂದುಹೋದಾಗಲೂ ಪಾದರಸ 39.2ಕ್ಕೇ ನಿಂತಿತ್ತು. ಆದರೆ ಕಲ್ಲುಗಳ ಮೇಲೆ ಕುಣಿದು ಬಂದ ಫೋರ್ಕಿನ ಒಳಗೆ ಎಣ್ಣೆ ಹವೆಗಿಂತ ಬಿಸಿಯಾಗುತ್ತದೆ, ಬಿಸಿಯಾದಂತೆ ತೆಳುವಾಗುತ್ತದೆ, ಎಷ್ಟು ತೆಳುವಾಗುತ್ತದೆ ಎಂಬುದಕ್ಕೂ ಒಂದು ಸೂಚ್ಯಂಕವಿದೆ. ಇಷ್ಟನ್ನು ಶಾಸ್ತ್ರಿಗಳು ವಿವರಿಸಿ ಮುಗಿಸುವ ಹೊತ್ತಿಗೆ ಅಂಗಡಿಯವನು ಊಟಕ್ಕೆ ಎದ್ದಿದ್ದ.

ಹೀಗೆ ತಂದ ಬಾಟಲಿಗಳು ಅವರ ಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಗಳ ಪಕ್ಕ ಸಾಲಾಗಿ ನಿಂತಿವೆ. ಕೆಳಗಿನ ಕಾಲುಗಳಿಗೆ ಫಾಕ್ಸ್ ಕಂಪನಿಯವರು 20 ಡಬ್ಲ್ಯುಟಿ ಚಿನ್ನದ ಬಣ್ಣದ್ದನ್ನು ಹಾಕಿ ಎನ್ನುತ್ತಾರೆ. ರಾಕ್‌ಶಾಕ್ಸ್‌ನವರು ತಮ್ಮ ಎಷ್ಟೋ ಫೋರ್ಕುಗಳಿಗೆ 0ಡಬ್ಲ್ಯು-30 ಎನ್ನುತ್ತಾರೆ. ಎರಡೂ ಬಗೆಯ ಫೋರ್ಕುಗಳು ಲೋಕದಲ್ಲಿ ಸುಖವಾಗಿ ಓಡಾಡಿಕೊಂಡಿವೆ. ಸಾಮಾನ್ಯ ಮನುಷ್ಯ ತನ್ನ ಫೋರ್ಕಿನ ಕೈಪಿಡಿ ತೆಗೆದು, ಅದರಲ್ಲಿ ಬರೆದದ್ದನ್ನು ಬರೆದಷ್ಟೇ ಮಿಲಿಲೀಟರ್ ಹಾಕಿ, ಕೈ ತೊಳೆದು ಕಾಫಿ ಕುಡಿಯುತ್ತಾನೆ. ಶಾಸ್ತ್ರಿಗಳಿಗೆ ಕೈಪಿಡಿ ಒಂದು ಪೂರ್ವಪಕ್ಷ ಮಾತ್ರ.

“ಕಂಪನಿಯವರು 70 ಕೇಜಿಯವನನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿರ್ತಾರೆ. ನಾನು 92.”

“ರೀಬೌಂಡ್ ಗುಂಡಿ ತಿರುಗಿಸಿದ್ರೆ ಆಗಲ್ವಾ ಸಾರ್?”

“ಆಗುತ್ತೆ,” ಎಂದು ಒಪ್ಪುತ್ತಾರೆ, ತೀರ ಬೇಸರದಿಂದ.

ಇಷ್ಟೆಲ್ಲ ಬಲ್ಲವರ ಸ್ವಂತ ಫೋರ್ಕಿನ ಗತಿ ಏನೆಂದು ನೀವು ಕೇಳಬಹುದು. ಅದನ್ನು ಕೊಂಡ ಮೇಲೆ ಬಿಚ್ಚಿದ್ದೇ ಇಲ್ಲ. ಎಣ್ಣೆಯ ತೀರ್ಮಾನ ಇನ್ನೂ ಆಗಿಲ್ಲವಲ್ಲ! 50 ಗಂಟೆಯ ಸವಾರಿಗೊಮ್ಮೆ ಕೆಳಗಿನ ಕಾಲು ಕಳಚಿ ಎಣ್ಣೆ ಬದಲಾಯಿಸಬೇಕೆಂದು ಅವರ ಕೈಪಿಡಿಯಲ್ಲೇ ಇದೆ. ನೆನಪಿಸಿದರೆ, ನಂದಿ ಬೆಟ್ಟದ ಡಾಂಬರಿನ ಮೇಲೆ ಫೋರ್ಕನ್ನು ಲಾಕ್ ಮಾಡಿಕೊಂಡು ಹತ್ತಿದ ಗಂಟೆಗಳು ಈ 50ರಲ್ಲಿ ಸೇರುತ್ತವೆಯೇ ಇಲ್ಲವೇ ಎಂಬ ಹೊಸ ತಕರಾರು ತೆಗೆಯುತ್ತಾರೆ. “ಯಾವುದೋ ಒಂದು ಹಾಕಿ ಮುಗಿಸ್ರೀ, ಮಾವಿನಕಾಯಿ ಕಾಲ ಬಂತು, ಅಟ್ಟದ ಮೇಲೆ ಜಾಗ ಬೇಕು,” ಎಂದು ಅವರ ಮನೆಯವರು ಹೇಳಿ ಹೇಳಿ ಸಾಕಾಗಿದ್ದಾರೆ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ಅತ್ಯಂತ ಶಾಸ್ತ್ರೋಕ್ತವಾದ ಮಾತು ಆಕೆಯದೇ. ಕೊಳೆತು ಕಪ್ಪಾದ ಅತ್ಯುತ್ತಮ ಎಣ್ಣೆಗಿಂತ ಈಗಷ್ಟೇ ಹಾಕಿದ ಸುಮಾರಾದ ಎಣ್ಣೆ ಫೋರ್ಕಿಗೆ ಒಳ್ಳೆಯದು.

ಮೊನ್ನೆ ಪಕ್ಕದ ಮನೆಯ ಹುಡುಗ ತನ್ನ ಸೈಕಲ್ ತಳ್ಳಿಕೊಂಡು ಬಂದ. “ಅಂಕಲ್, ಮುಂದೆ ಒತ್ತಿದ್ರೆ ಕಟಕಟ ಅನ್ನುತ್ತೆ.” ಶಾಸ್ತ್ರಿಗಳ ಕಣ್ಣು ಹೊಳೆಯಿತು. ಅಟ್ಟದಿಂದ ಬಾಟಲಿಗಳು ಇಳಿದವು. ಜ್ವರದ ಔಷಧಿ ಕುಡಿಸುವ ಸಿರಿಂಜು ಬಂತು. ಅಳತೆಗಿಂತ ತೀರ ಹೆಚ್ಚು ಹಾಕಿದರೆ ಒಳಗಿನ ಗಾಳಿಗೆ ಜಾಗ ಸಾಲದೆ ಫೋರ್ಕು ಪೂರ್ತಿ ಕೂರುವುದಿಲ್ಲ ಎಂಬುದರಿಂದ ಹಿಡಿದು ಸ್ಟೋಕ್ಸ್ ಸಾಹೇಬರವರೆಗೆ ಎಲ್ಲವನ್ನೂ ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಗೆ ಬೋಲ್ಟು ಬಿಚ್ಚಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾಲುಗಳನ್ನು ಎಳೆದರು. ಕೆಳಗೆ ಹಿಡಿದ ತಟ್ಟೆಗೆ ಒಂದು ಹನಿಯೂ ಬೀಳಲಿಲ್ಲ. ಅಗ್ಗದ ಸೈಕಲ್ಲುಗಳ ಎಷ್ಟೋ ಫೋರ್ಕುಗಳ ಹಾಗೆ ಅದರೊಳಗೂ ಇದ್ದದ್ದು ಒಂದು ಉದ್ದನೆಯ ಸ್ಪ್ರಿಂಗು, ಅದಕ್ಕೆ ಮೆತ್ತಿದ ಒಣಗಿದ ಗ್ರೀಸು. ಎಣ್ಣೆ ಹಾಕುವ ಜಾಗವೇ ಅದರಲ್ಲಿರಲಿಲ್ಲ.

ಶಾಸ್ತ್ರಿಗಳು ಒಂದು ಗಳಿಗೆ ಸ್ಪ್ರಿಂಗನ್ನೇ ನೋಡಿದರು. ಬಾಟಲಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದರು. ಆಮೇಲೆ ಬೆರಳ ತುದಿಗೆ ಚೂರು ಗ್ರೀಸು ತೆಗೆದು ಬೆಳಕಿಗೆ ಹಿಡಿದು, “ಕೂತ್ಕೋ ಮರಿ,” ಎಂದರು. “ಗ್ರೀಸಿನಲ್ಲಿ ಎಷ್ಟು ಬಗೆ ಅಂತ ನಿನಗೆ ಯಾರಾದರೂ ಹೇಳಿದ್ದಾರಾ?”