ಸೊನ್ನೆ ಸೊನ್ನೆ ಲೆಕ್ಕ

(ಡಿಸೆಂಬರ್ 1999. ಬೆಂಗಳೂರಿನ ಒಂದು ಔಷಧಿ ಸಗಟು ಮಳಿಗೆ.)

ಇಂಜಿನಿಯರ್: ವೈಟೂಕೆಗೆ, ಅಂದರೆ 2000ನೇ ಇಸವಿಯ ಕಂಪ್ಯೂಟರ್ ತೊಂದರೆಗೆ, ಏನು ತಯಾರಿ ಮಾಡ್ಕೊಂಡಿದ್ದೀರಾ ಸರ್?

ಮಾಲೀಕರು: ಆಯುಧಪೂಜೆ ದಿನ ಕಂಪ್ಯೂಟರಿಗೆ ಬೂದುಗುಂಬಳಕಾಯಿ ಒಡೆಸಿದ್ದೀನಲ್ಲಪ್ಪ!

ಇಂಜಿನಿಯರ್: ನಿಮ್ಮ ಪ್ರೋಗ್ರಾಮಿನಲ್ಲಿ ಇಸವಿಗೆ ಎರಡೇ ಅಂಕಿ. 00 ಅಂದರೆ ಅದಕ್ಕೆ 1900. ಮುಂದಿನ ವರ್ಷ ಎಕ್ಸ್‌ಪೈರಿ ಆಗೋ ಮಾತ್ರೆ ಆಗಲೇ ಹಾಳಾಗಿದೆ ಅಂತ ಬಿಲ್ಲೇ ಹಾಕಲ್ಲ.

ಮಾಲೀಕರು: ನನ್ನ ಸಾಲದ ಬಡ್ಡಿ?

ಇಂಜಿನಿಯರ್: 00ರಲ್ಲಿ 99 ಕಳೆದರೆ ಮೈನಸ್ 99 ವರ್ಷ.

ಮಾಲೀಕರು: ಅಂದರೆ ಬ್ಯಾಂಕೇ ನನಗೆ ಕೊಡಬೇಕು! ಅದೊಂದು ಹಾಗೇ ಇರಲಿ ಬಿಡಿ.

ಇಂಜಿನಿಯರ್: ಬ್ಯಾಂಕಿನವರು ಆಗಲೇ ಸರಿಮಾಡ್ಕೊಂಡಿದ್ದಾರೆ. ನಿಮಗೆ ಮಾಲು ಕಳಿಸೋರು?

ಮಾಲೀಕರು: ‘ನಾವು ಸಂಪೂರ್ಣ ಸಿದ್ಧ’ ಅಂತ ಕಾಗದ ಬರೆದಿದ್ದಾರೆ, ನೋಡಿ.

ಇಂಜಿನಿಯರ್: ಹೊಸ ಲೆಟರ್‌ಹೆಡ್ಡು! ತಾರೀಖಿನ ಜಾಗದಲ್ಲಿ ಮಾತ್ರ ‘19’ ಅಂತ ಅಚ್ಚು ಹಾಕಿಸಿದ್ದಾರೆ.

ಮಾಲೀಕರು: ಇನ್ನೂ ಐದು ಸಾವಿರ ಹಾಳೆ ಉಳಿದಿದೆಯಂತೆ. ಖಾಲಿಯಾಗಲಿ, ಆಮೇಲೆ ನೋಡೋಣ ಅಂದರು. ನೀವೂ ಜನವರಿ ಒಂದಕ್ಕೆ ಬನ್ನಿ.

ಇಂಜಿನಿಯರ್: ಅವತ್ತು ಶನಿವಾರ. ನಿಮ್ಮ ಕಂಪ್ಯೂಟರಿಗೆ ಮಾತ್ರ 1900ರ ಸೋಮವಾರ.

ಮಾಲೀಕರು: ಸದ್ಯ, ಶನಿಕಾಟ ತಪ್ಪಿತು!

ಇಂಜಿನಿಯರ್: ಶನಿ ಬಿಟ್ಟರೂ ಸೊನ್ನೆ ಬಿಡಲ್ಲ ಸರ್. ಇವತ್ತೇ ಸರಿಮಾಡಿಸಿ.