ನೆಕ್ಕಲಾಗದ ಪೆಪ್ಪರಮಿಂಟು

ನನಗೆ ಸಕ್ಕರೆ ಕಾಯಿಲೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದೆ ಬರುವ ಪೆಪ್ಪರಮಿಂಟು, ಲಾಲಿಪಾಪುಗಳ ಸಂತೆಯನ್ನು ಓದಿ ಯಾರಾದರೂ ನಮ್ಮ ಡಾಕ್ಟರಿಗೆ ಫೋನು ಮಾಡಿಯಾರು. ಅಮೆರಿಕಕ್ಕೆ, ಮಗಳ ಮನೆಗೆ ಹೊರಟಾಗ ಅವರು ಮಾತ್ರೆ ಚೀಟಿಯ ಜೊತೆಗೆ ಒಂದು ಎಚ್ಚರಿಕೆಯನ್ನೂ ಕಟ್ಟಿಕೊಟ್ಟಿದ್ದರು: "ಅಲ್ಲಿ ಬ್ರೆಡ್ಡಿಗೂ ಸಕ್ಕರೆ ಹಾಕ್ತಾರೆ ಸ್ವಾಮಿ, ಹುಷಾರು." ಬ್ರೆಡ್ಡಿನ ವಿಷಯದಲ್ಲಿ ನಾನು ಹುಷಾರಾಗಿಯೇ ಇದ್ದೆ. ಇಡೀ ಮನೆಯನ್ನೇ ಮಿಠಾಯಿ ಮಾಡುವ ಪ್ರಸಂಗ ಬಂದೀತೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮಗಳು ಇರುವುದು ಓಹಾಯೋ ರಾಜ್ಯದ ಒಂದು ಬಡಾವಣೆಯಲ್ಲಿ. ಅಲ್ಲಿನ ಮನೆಗಳಿಗೆ ಕಾಂಪೌಂಡೂ ಇಲ್ಲ, ಗೇಟೂ ಇಲ್ಲ. ಬೀದಿಯಲ್ಲಿ ಕಾರುಗಳು ಓಡಾಡುತ್ತವೆಯೇ ಹೊರತು ಜನ ಓಡಾಡುವುದಿಲ್ಲ. ಆದರೆ ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಊಟ ಮುಗಿದದ್ದೇ ತಡ, ಮಾರನೆಯ ಬೆಳಗ್ಗೆ ಊರಿನ ಗಂಡಸರೆಲ್ಲ ಏಣಿ ಹತ್ತುತ್ತಾರೆ. ಸೂರಿನಂಚಿಗೆ ಸೀರಿಯಲ್ ಸೆಟ್ಟು, ಬಾಗಿಲಿಗೆ ಹಸಿರು ಎಲೆಯ ಚಕ್ರ, ಹುಲ್ಲುಹಾಸಿನ ಮೇಲೆ ಗಾಳಿ ತುಂಬಿದ ಆಳೆತ್ತರದ ಸಾಂಟಾ. ಈ ಗಾಳಿ ಸಾಂಟಾನಿಗೆ ಒಂದು ಫ್ಯಾನು ಸದಾ ಗಾಳಿ ಊದುತ್ತಿರಬೇಕು. ಬೆಳಗಾದ ಮೇಲೆ ಅದನ್ನು ಆರಿಸಿದರೆ ಅಷ್ಟು ದೊಡ್ಡ ಮನುಷ್ಯ ಹುಲ್ಲಿನ ಮೇಲೆ ಬೋರಲು ಬೀಳುತ್ತಾನೆ. ಮಂಕಿ ಕ್ಯಾಪು ಹಾಕಿಕೊಂಡು ವಾಕಿಂಗ್ ಹೊರಟ ನನಗೆ ಮೊದಲ ಸಲ ದಿಗಿಲೇ ಆಯಿತು. ಬೀದಿಯುದ್ದಕ್ಕೂ ಕೆಂಪಂಗಿಯವರು ಬಿದ್ದಿದ್ದಾರೆ, ಎತ್ತುವವರು ಒಬ್ಬರೂ ಇಲ್ಲ!

"ತಾತ, ನಮ್ಮ ಮನೆ ಮಾತ್ರ ಕತ್ಲೆ" ಎಂದಳು ಮೊಮ್ಮಗಳು. ಅವಳಿಗೆ ಸಾಂಟಾ ಬೇಡ, ಕ್ಯಾಂಡಿ ಮನೆ ಬೇಕು. ಬೀದಿ ಕೊನೆಯ ಮನೆಯವರು ಕಳೆದ ವರ್ಷ ಮಾಡಿದ್ದರಂತೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದರ ಬೆಲೆ ನೋಡಿ ಮಗಳು ಮೊಬೈಲನ್ನು ಮಗುಚಿಟ್ಟಳು. ಅಳಿಯ "ನೋಡೋಣ" ಎಂದರು. ನಮ್ಮ ಅಳಿಯಂದಿರ "ನೋಡೋಣ" ಎಂದರೆ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೆಇಬಿಯಲ್ಲಿ ಕಂಬ, ತಂತಿ, ಫ್ಯೂಸುಗಳ ನಡುವೆ ಆಯಸ್ಸು ಕಳೆದ ನಾನು ಸೋಫಾದ ಮೇಲೆ ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂತ ಮುದುಕರನ್ನು ಕಂಡರೆ ಆ ದೇಶದಲ್ಲೂ ಕೆಲಸ ಹುಡುಕಿಕೊಂಡು ಬರುತ್ತದೆ.

ತಿಂಡಿಯಿಂದ ಮನೆ ಕಟ್ಟುವ ಆಸೆ ಹಳೆಯದು. ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ, ಕಾಡಿನ ಮುದುಕಿಯ ಮನೆಗೆ ರೊಟ್ಟಿಯ ಗೋಡೆ, ಕೇಕಿನ ಚಾವಣಿ, ಸಕ್ಕರೆಯ ಕಿಟಕಿ. ಹಸಿದ ಮಕ್ಕಳು ಚಾವಣಿಯನ್ನೇ ಮುರಿದು ತಿನ್ನುತ್ತಾರೆ. ಕಥೆ ಹುಟ್ಟಿದ್ದು ಹೊಟ್ಟೆಗಿಲ್ಲದ ಕಾಲದ ನೆನಪಿನಲ್ಲಿ. ಈಗ ಅದೇ ಮನೆಯನ್ನು ಹೊಟ್ಟೆ ತುಂಬಿದವರು ಪ್ಲಾಸ್ಟಿಕ್ಕಿನಲ್ಲಿ ಕಟ್ಟುತ್ತಾರೆ. ಕಥೆಯ ಮುದುಕಿಗೆ ಮಕ್ಕಳನ್ನು ತಿನ್ನುವ ಚಟವಿತ್ತು ಎನ್ನುವುದನ್ನು ಮೊಮ್ಮಗಳ ಹತ್ತಿರ ನಾನು ಎತ್ತಲಿಲ್ಲ. ಅವಳೇ ಎತ್ತಿದಳು, ಬಹಳ ಸಂತೋಷದಿಂದ.

ಮೊದಲು ಕ್ಯಾಂಡಿ ಕೇನು. ಗೊತ್ತಲ್ಲ, ಬಿಳಿಯ ಮೇಲೆ ಕೆಂಪು ಪಟ್ಟೆಯ, ತುದಿ ಬಾಗಿದ ಊರುಗೋಲು. ಅದಕ್ಕೆ ಬೇಕಾದದ್ದು ಪೂಲ್ ನೂಡಲ್ಲು. ಈಜುಕೊಳದಲ್ಲಿ ಮಕ್ಕಳು ಕಂಕುಳಿಗೆ ಸಿಕ್ಕಿಸಿಕೊಂಡು ತೇಲುವ, ನಡುವೆ ತೂತಿರುವ ಫೋಮಿನ ಉದ್ದ ಕೊಳವೆ. ನೆಲಕ್ಕೆ ಒಂದು ಕಬ್ಬಿಣದ ಸರಳು ಬಡಿಯಬೇಕು, ಅದರ ಮೇಲೆ ಅರ್ಧ ಇಂಚಿನ ಪಿವಿಸಿ ಪೈಪು, ಪೈಪಿನ ಮೇಲೆ ನೂಡಲ್ಲು. ತುದಿಯ ಭಾಗಕ್ಕೆ ದಪ್ಪ ತಂತಿ ತೂರಿಸಿ ಬಾಗಿಸಿದರೆ ಹಾಗೇ ನಿಲ್ಲುತ್ತದೆ. ಕೆಲವರು ಪೈಪನ್ನೇ ಬೆಂಕಿಗೆ ಹಿಡಿದು ಬಾಗಿಸುತ್ತಾರೆ. ಆ ಹೊಗೆ ಒಳ್ಳೆಯದಲ್ಲ, ಮಾಡಬೇಡಿ.

ನೂಡಲ್ಲಿಗಾಗಿ ಮಗಳು ನನ್ನನ್ನು ಅಂಗಡಿಯಿಂದ ಅಂಗಡಿಗೆ ಸುತ್ತಿಸಿದಳು. ನವೆಂಬರಿನ ಚಳಿಯಲ್ಲಿ ಈಜುವ ಸಾಮಾನು ಕೇಳುವ ಮುದುಕನನ್ನು ಅಂಗಡಿಯ ಹುಡುಗಿಯರು ಕನಿಕರದಿಂದ ನೋಡಿದರು. ಕಡೆಗೆ ಅದು ಸಿಕ್ಕಿದ್ದು ಎದುರು ಮನೆಯಲ್ಲಿ. ಅಲ್ಲಿನ ಹಿರಿಯರು ಆಕ್ರನ್ನಿನ ಟೈರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿಯವರೆಗೆ ನಮ್ಮಿಬ್ಬರ ಸ್ನೇಹ ಕೈ ಎತ್ತುವುದಕ್ಕಷ್ಟೇ ಸೀಮಿತವಾಗಿತ್ತು. ನಾವು ಬರಿಯ ಪೈಪು ಹಿಡಿದು ನಿಂತದ್ದನ್ನು ಕಂಡು ಅವರು ರಸ್ತೆ ದಾಟಿ ಬಂದರು, ಸಂಗತಿ ಕೇಳಿದರು, ತಮ್ಮ ಗ್ಯಾರೇಜಿನ ಅಟ್ಟದಿಂದ ಮೊಮ್ಮಕ್ಕಳ ನೂಡಲ್ಲುಗಳ ಒಂದು ಹೊರೆಯನ್ನೇ ಇಳಿಸಿ ಕೊಟ್ಟರು. ಹಸಿರು, ನೇರಳೆ, ಕಿತ್ತಳೆ ಎಲ್ಲ ಬಣ್ಣದವೂ ಇದ್ದವು, ಬಿಳಿಯದೊಂದು ಬಿಟ್ಟು. ಬಿಳಿ ಬಣ್ಣ ನಾವೇ ಬಳಿದುಕೊಂಡೆವು.

ಆಮೇಲೆ ಪಟ್ಟೆ. ಕೆಂಪು ಇನ್ಸುಲೇಶನ್ ಟೇಪು ನೋಡಿದ ಕೂಡಲೇ ನನ್ನ ಕೈಗೆ ಜೀವ ಬಂತು. ನಮ್ಮ ಇಲಾಖೆಯಲ್ಲಿ ಕೆಂಪೆಂದರೆ ಆರ್ ಫೇಸು. ಅದಕ್ಕೆ ಕೊಡುವ ಮರ್ಯಾದೆಯೇ ಬೇರೆ. ಓರೆಯಾಗಿ ಸುತ್ತುತ್ತ ಹೋದೆ. ನೇರ ಇರುವವರೆಗೆ ಚೆನ್ನಾಗಿಯೇ ಬಂತು. ಬಾಗಿದಲ್ಲಿ ಮಾತ್ರ ಒಳಗಡೆ ಪಟ್ಟೆಗಳು ಒಂದರ ಮೇಲೊಂದು ಏರುತ್ತವೆ, ಹೊರಗಡೆ ದೂರ ದೂರ ಸರಿಯುತ್ತವೆ. ಒಳಗೆ ಟೇಪನ್ನು ಸ್ವಲ್ಪ ಮಡಿಸಿ, ಹೊರಗೆ ಎಳೆದು ಕೂರಿಸುವ ಹದ ಬೆರಳಿಗೆ ಹತ್ತುವಷ್ಟರಲ್ಲಿ ಕತ್ತಲಾಗಿತ್ತು.

ಈ ಬಾಗು ನಿಜವಾದ ಮಿಠಾಯಿ ಮಾಡುವವರನ್ನೂ ಕಾಡಿದ್ದೇ. ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ಬಾಬ್ ಮ್ಯಾಕಾರ್ಮಕ್ ಎಂಬಾತ ಇದನ್ನು ಕಾರ್ಖಾನೆಯಲ್ಲಿ ಮಾಡುತ್ತಿದ್ದ. ಬಿಸಿ ಇರುವಾಗಲೇ ಒಂದೊಂದನ್ನೂ ಕೈಯಿಂದ ಬಾಗಿಸಬೇಕಿತ್ತು, ಬಹಳಷ್ಟು ಮುರಿದುಹೋಗುತ್ತಿದ್ದವು. 1950ರ ದಶಕದಲ್ಲಿ ಆತನ ಭಾವಮೈದುನ, ಗ್ರೆಗರಿ ಕೆಲ್ಲರ್ ಎಂಬ ಕ್ಯಾಥೊಲಿಕ್ ಪಾದ್ರಿ, ತಿರುಚಿ ಕತ್ತರಿಸುವ ಯಂತ್ರವೊಂದನ್ನು ಕಂಡುಹಿಡಿದ. ಬಾಗಿಸುವ ಕೆಲಸ ಯಂತ್ರದ ಕೈಗೆ ಹೋದದ್ದು ಆಮೇಲೆ. ಭಾವಮೈದುನರಿಂದ ಉಪಕಾರವಾದ ಉದಾಹರಣೆ ಲೋಕದಲ್ಲಿ ಅಪರೂಪ, ಹಾಗಾಗಿ ಹೆಸರು ಸಮೇತ ಹೇಳಿದ್ದೇನೆ. 1670ರಲ್ಲಿ ಜರ್ಮನಿಯ ಕಲೋನ್ ಇಗರ್ಜಿಯ ಗಾಯಕ ಗುರು ಗಲಾಟೆ ಮಕ್ಕಳ ಬಾಯಿ ಮುಚ್ಚಿಸಲು ಕ್ಯಾಂಡಿ ಕೇನನ್ನು ಮಾಡಿಸಿದನೆಂದು ಒಂದು ಕಥೆಯಿದೆ. ಅದಕ್ಕೆ ದಾಖಲೆ ಇಲ್ಲ. ಆದರೆ ಬಾಯಿ ಮುಚ್ಚಿಸುವ ಭಾಗ ನಂಬುವಂತಿದೆ. ಕೆಂಪು ಪಟ್ಟೆ ಮಾತ್ರ ಈಚಿನದು, ಇಪ್ಪತ್ತನೆಯ ಶತಮಾನದ್ದು. ಹಳೆಯ ಕ್ರಿಸ್ಮಸ್ ಕಾರ್ಡುಗಳಲ್ಲಿ ಕೋಲು ಬರೀ ಬಿಳಿ.

ಪಟ್ಟೆ ಹಾಕುವ ವಿದ್ಯೆಯನ್ನು ನಾನು ಚಿಕ್ಕಂದಿನಲ್ಲಿ ಜಾತ್ರೆಯಲ್ಲೇ ಕಂಡಿದ್ದೆ. ಬಾಂಬೆ ಮಿಠಾಯಿಯವನು ಕೋಲಿನ ತುದಿಯ ಗೊಂಬೆಯಿಂದ ತಾಳ ಹಾಕಿಸುತ್ತ ಬರುತ್ತಿದ್ದ. ಕೋಲಿಗೆ ಸುತ್ತಿದ್ದ ಗುಲಾಬಿ, ಬಿಳಿ ಪಾಕವನ್ನು ಎಳೆದು, ತಿರುಚಿ, ನಮ್ಮ ಮುಂಗೈಗೆ ವಾಚು ಕಟ್ಟುತ್ತಿದ್ದ. ಅಮೆರಿಕದ ಕಾರ್ಖಾನೆಯಲ್ಲಿ ನಡೆಯುವುದೂ ಅದೇ: ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಸಿದ ಪಾಕವನ್ನು ಎಳೆದೆಳೆದು ಒಳಗೆ ಗಾಳಿ ಸೇರಿಸಿದರೆ ಅದು ಬೆಳ್ಳಗಾಗುತ್ತದೆ, ಆ ದಿಮ್ಮಿಗೆ ಕೆಂಪು ಎಳೆಗಳನ್ನು ಒತ್ತಿ, ಉರುಳಿಸುತ್ತ ಸಣ್ಣಗೆ ಎಳೆಯುತ್ತಾರೆ. ನಮ್ಮ ವಾಚನ್ನು ಮನೆ ತಲುಪುವುದರೊಳಗೆ ನೆಕ್ಕಿ ಮುಗಿಸುತ್ತಿದ್ದೆವು. ಟೈಮು ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಎಲ್ಲಿದ್ದೆ? ಹಾಂ, ಪೆಪ್ಪರಮಿಂಟು. ಇದಕ್ಕೆ ಊಟದ ಕಾಗದದ ತಟ್ಟೆ ಸಾಕು. ನಮ್ಮವಳ ಸ್ಟೀಲ್ ಬಟ್ಟಲಿನ ಅಂಚನ್ನು ತಟ್ಟೆಯ ನಡುವಿನಿಂದ ಹೊರಕ್ಕೆ ಓರೆಯಾಗಿಟ್ಟು ಗೆರೆ ಎಳೆದರೆ ಸುರುಳಿಯ ಎಸಳು ಸಿಗುತ್ತದೆ. ಒಂದು ಬಿಟ್ಟು ಒಂದಕ್ಕೆ ಕೆಂಪು ತುಂಬಬೇಕು. ಇಂಥ ಎರಡು ತಟ್ಟೆಯನ್ನು ಎದುರುಬದುರು ಅಂಟಿಸಿ, ಬಣ್ಣವಿಲ್ಲದ ಜಿಲೆಟಿನ್ ಪೇಪರಿನಲ್ಲಿ ಸುತ್ತಿ, ಎರಡೂ ತುದಿ ಹಿಂಡಿ ದಾರ ಕಟ್ಟಿದರೆ ಆಯಿತು. ಬಾಗಿಲ ಸುತ್ತ, ಕಿಟಕಿಯ ಮೇಲೆ ಸಾಲಾಗಿ ಹಚ್ಚಿದೆವು. ನಮ್ಮವಳು ಬಟ್ಟಲು ತೊಳೆದುಕೊಳ್ಳುತ್ತ, "ರೀ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕೋವಾಗ ಮರದ ಅಚ್ಚಿಗೆ ದಾರ ಕಟ್ಟಿಕೊಡಿ ಅಂದ್ರೆ ನಿಮಗೆ ಪೇಪರ್ ಓದೋದಿರ್ತಿತ್ತು" ಎಂದಳು. ನಾನು ಗ್ಲೂ ಗನ್ನಿನ ಕಡೆ ಗಮನ ಕೊಟ್ಟೆ.

ಈ ನಡುವೆ ಅಳಿಯಂದಿರಿಗೂ ಉತ್ಸಾಹ ಬಂತು. ಲಾಲಿಪಾಪು ಮಾಡಲು ಥರ್ಮೋಕೋಲಿನ ದೊಡ್ಡ ಉಂಡೆಗಳನ್ನು ಗ್ಯಾರೇಜಿಗೆ ಒಯ್ದು, ಸ್ಪ್ರೇ ಬಣ್ಣದ ಡಬ್ಬಿ ಕುಲುಕಿ, ಒಳ್ಳೆ ಗುಲಾಬಿ ಬಣ್ಣ ಹೊಡೆದರು. ಕಣ್ಣೆದುರಿಗೇ ಉಂಡೆ ಕುಗ್ಗತೊಡಗಿತು. ಮೈತುಂಬ ಗುಳಿ ಬಿದ್ದು, ಗುಳಿಗಳು ಒಂದಕ್ಕೊಂದು ಕೂಡಿ, ಮಳೆಗೆ ಸಿಕ್ಕ ಬತ್ತಾಸಿನ ಹಾಗೆ ಒಳಕ್ಕೆ ಕುಸಿಯಿತು. ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಅದಕ್ಕೆ ನೀರಿನಲ್ಲಿ ಕಲಸುವ ಬಣ್ಣವನ್ನೇ ಬ್ರಷ್ಷಿನಲ್ಲಿ ಹಚ್ಚಬೇಕು. ಎಂ.ಎಸ್. ಮಾಡಿದ ಅಳಿಯಂದಿರಿಗೆ ಇದನ್ನು ಹೇಳುವುದು ಹೇಗೆ? ಹೇಳಲಿಲ್ಲ. ಮೊಮ್ಮಗಳೇ "ಅಪ್ಪ, ಇದು ತಿಂದುಬಿಟ್ಟ ಕ್ಯಾಂಡಿ" ಎಂದು ಸಮಾಧಾನ ಮಾಡಿ, ಅದನ್ನೂ ಮೆಟ್ಟಿಲ ಮೇಲಿಟ್ಟಳು.

ಚಳಿ ಸೊನ್ನೆಗಿಂತ ಕೆಳಗಿಳಿದ ಮೊದಲ ರಾತ್ರಿ ಪೆಪ್ಪರಮಿಂಟುಗಳು ಟಪಟಪ ಉದುರಿದವು. ಗ್ಲೂ ಗನ್ನಿನ ಅಂಟು ಚಳಿಗೆ ಪೆಡಸಾಗಿ ಬಿಟ್ಟುಕೊಳ್ಳುತ್ತದೆ. ಮಾರನೆಯ ದಿನ ಎಲ್ಲಕ್ಕೂ ಜಿಪ್ ಟೈ ಬಿಗಿದೆವು. ಆಮೇಲೆ ಉದುರಲಿಲ್ಲ, ಆದರೆ ಗಾಳಿ ಬೀಸಿದಾಗಲೆಲ್ಲ ಜಿಲೆಟಿನ್ ಪೇಪರು ಚರಚರ ಎನ್ನತೊಡಗಿತು. ನಮ್ಮ ಮಲಗುವ ಕೋಣೆ ಸರಿಯಾಗಿ ಅದರ ಹಿಂದೆ. ರಾತ್ರಿಯಿಡೀ ಯಾರೋ ಕದ್ದು ಮಿಠಾಯಿ ಬಿಚ್ಚುತ್ತಿರುವ ಸದ್ದು. ಸಕ್ಕರೆ ಕಾಯಿಲೆಯವನಿಗೆ ಇದಕ್ಕಿಂತ ದೊಡ್ಡ ಹಿಂಸೆಯನ್ನು ಯಾವ ಪುರಾಣದ ನರಕದಲ್ಲೂ ನಾನು ಓದಿಲ್ಲ. ಬೆಳಗ್ಗೆ ಬೂದು ಅಳಿಲೊಂದು ಬಂದು ಒಂದು ಲಾಲಿಪಾಪಿಗೆ ಬಾಯಿ ಹಾಕಿತು, ಒಂದು ಚೂರು ಫೋಮು ಉಗಿಯಿತು, ನನ್ನನ್ನೊಮ್ಮೆ ನೋಡಿ ಹೊರಟುಹೋಯಿತು.

ದೀಪದ ಕೆಲಸ ನನ್ನದೇ ಎಂದು ಮೊದಲೇ ಘೋಷಿಸಿದ್ದೆ. ಕ್ರಿಸ್ಮಸ್ ಮರಕ್ಕೆ ವಿದ್ಯುದ್ದೀಪ ಮೊದಲು ಹಚ್ಚಿದವನು ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. 1882ರಲ್ಲಿ, ನ್ಯೂಯಾರ್ಕಿನ ತನ್ನ ಮನೆಯಲ್ಲಿ, ಕೆಂಪು ಬಿಳಿ ನೀಲಿಯ 80 ಬಲ್ಬು. ಮರ ತಾನೇ ತಿರುಗುತ್ತಲೂ ಇತ್ತು. ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿಯಲು ಆಮೇಲೆ 20 ವರ್ಷ ಬೇಕಾಯಿತು. ಎಡಿಸನ್ ಹುಟ್ಟಿದ್ದು ಇದೇ ಓಹಾಯೋದ ಮಿಲನ್ ಎಂಬ ಊರಿನಲ್ಲಿ, 1847ರಲ್ಲಿ. ಅದೇ ವರ್ಷ ಇದೇ ರಾಜ್ಯದ ವೂಸ್ಟರ್‌ನಲ್ಲಿ ಆಗಸ್ಟ್ ಇಮ್‌ಗಾರ್ಡ್ ಎಂಬ ಜರ್ಮನ್ ವಲಸಿಗ ತನ್ನ ಮರಕ್ಕೆ ಕ್ಯಾಂಡಿ ಕೇನು ನೇತುಹಾಕಿದನೆಂದು ಹೇಳುತ್ತಾರೆ. ಮಿಠಾಯಿ ಮತ್ತು ದೀಪ, ಎರಡಕ್ಕೂ ತವರಾದ ನೆಲದಲ್ಲಿ ನಿಂತು ಸೀರಿಯಲ್ ಸೆಟ್ಟಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಮನೆ ಝಗ್ಗೆಂದಿತು. ಮೊಮ್ಮಗಳು ಚಪ್ಪಾಳೆ ತಟ್ಟುವಷ್ಟರಲ್ಲಿ ಆರಿತು.

ಅಲ್ಲಿ ಹೊರಗಡೆಯ ಸಾಕೆಟ್ಟಿಗೆ ಒಂದು ರಕ್ಷಣೆ ಇರುತ್ತದೆ. ಎಲ್ಲಾದರೂ ನೀರು ತಾಗಿ ಸ್ವಲ್ಪ ಕರೆಂಟು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ಪಾಗುತ್ತದೆ. ಮಳೆ ನಿಂತು ಇನ್ನೂ ಹೊತ್ತಾಗಿರಲಿಲ್ಲ, ಎಕ್ಸ್‌ಟೆನ್ಷನ್ ವಯರಿನ ಜೋಡಣೆ ಒದ್ದೆ ಹುಲ್ಲಿನಲ್ಲಿ ಬಿದ್ದಿತ್ತು. ಒರೆಸಿ, ಇಟ್ಟಿಗೆಯ ಮೇಲೆತ್ತಿಟ್ಟು, ಬಟನ್ ಒತ್ತಿದ ಮೇಲೆ ನಿಂತಿತು. ಹೆಂಡತಿ, "ಕೆಇಬಿಯವರು ಇದ್ದಲ್ಲಿ ಕರೆಂಟು ಹೋಗೋದು ಇದ್ದಿದ್ದೇ" ಎಂದಳು. ಕನ್ನಡ ಬಾರದ ಎದುರು ಮನೆಯವರೂ ಇದಕ್ಕೆ ನಕ್ಕರು.

ಅಂದಿನಿಂದ ಅವರು ಸಂಜೆ ಸಂಜೆ ಬಂದು ನಿಲ್ಲುತ್ತಿದ್ದರು. ಇಬ್ಬರೂ ಕೈಗವಸಿನ ಕೈಯನ್ನು ಜೇಬಿಗಿಟ್ಟು ನಮ್ಮ ಮಿಠಾಯಿ ಮನೆಯನ್ನು ನೋಡುತ್ತಿದ್ದೆವು. ಅವರಿಗೂ ಸಕ್ಕರೆ ಕಾಯಿಲೆಯಂತೆ. ಅವರ ಮೈಲಿ, ಪೌಂಡು, ಫ್ಯಾರನ್‌ಹೀಟುಗಳು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಆದರೆ ರಕ್ತದ ಸಕ್ಕರೆಯನ್ನು ಮಾತ್ರ ಎರಡು ದೇಶದಲ್ಲೂ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಮ್ ಎಂದೇ ಅಳೆಯುತ್ತಾರೆ. ಅವರು ತಮ್ಮ ಅಂಕಿ ಹೇಳಿದರು, ನಾನು ನನ್ನದು ಹೇಳಿದೆ. ಇಬ್ಬರೂ ಒಂದಿಪ್ಪತ್ತು ಕಮ್ಮಿ ಮಾಡಿಯೇ ಹೇಳಿದ್ದೇವೆಂದು ಇಬ್ಬರಿಗೂ ಗೊತ್ತಾಯಿತು.

ಬಡಾವಣೆಯ ಸಂಘದ ನಿಯಮದಂತೆ ಜನವರಿ ಮಧ್ಯದೊಳಗೆ ಎಲ್ಲ ಇಳಿಸಬೇಕಿತ್ತು. ಹೀಗಾಗಿ ಸಂಕ್ರಾಂತಿಯವರೆಗೆ ಕ್ಯಾಂಡಿ ಕೇನುಗಳು ನಿಂತೇ ಇದ್ದವು, ಅವುಗಳ ನಡುವೆಯೇ ಎಳ್ಳು ಬೀರಿದೆವು. ಎದುರು ಮನೆಯವರು ಎಳ್ಳು, ಕಡಲೆಕಾಯಿ ಬೀಜ ಆರಿಸಿ ತಿಂದು, ಬೆಲ್ಲದ ಅಚ್ಚನ್ನು ನನಗೇ ವಾಪಸು ಕೊಟ್ಟರು.

ನೀವೂ ಮಾಡುವುದಿದ್ದರೆ ಧಾರಾಳವಾಗಿ ಮಾಡಿ. ಥರ್ಮೋಕೋಲಿಗೆ ಸ್ಪ್ರೇ ಹೊಡೆಯಬೇಡಿ, ಅಂಟನ್ನು ನಂಬದೆ ಜಿಪ್ ಟೈ ಹಾಕಿ, ವಯರಿನ ಜೋಡಣೆಯನ್ನು ನೆಲಕ್ಕೆ ತಾಗಿಸಬೇಡಿ. ಮುಖ್ಯವಾಗಿ, ನೂಡಲ್ಲುಗಳನ್ನು ಆಗಸ್ಟಿನಲ್ಲೇ ಕೊಂಡಿಡಿ. ಬೇಸಿಗೆ ಮುಗಿಯುವಾಗ ಅರ್ಧ ಬೆಲೆಗೆ ಸುರಿಯುತ್ತಾರೆ, ಆಗ ಬಿಳಿಯದೂ ಸಿಗುತ್ತದೆ.